ರೈಟರು ಬರೆದ ಒಂದು ಸಾಲು

ಪೊಲೀಸರ ಬಗ್ಗೆ ನನಗೆ ಅಭಿಮಾನ ಅಷ್ಟಕ್ಕಷ್ಟೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಟೈಪಿಂಗ್ ಅಂಗಡಿ ಇಟ್ಟುಕೊಂಡು ವರ್ಷಗಟ್ಟಲೆ ದೂರು, ಅರ್ಜಿ, ಜಾಮೀನು ಕಾಗದ ಬಡಿದವಳಿಗೆ ಆ ಅಭಿಮಾನ ಉಳಿಯುವುದೂ ಕಷ್ಟ. ಆದರೂ ಹೋದ ವಾರ ಒಬ್ಬ ಪೊಲೀಸಿನವರು ತೀರಿಕೊಂಡ ಸುದ್ದಿ ಬಂದಾಗ, ಮೆಷಿನ್ನಿಗೆ ಹಾಕಿದ ಕಾಗದವನ್ನು ಅರ್ಧಕ್ಕೇ ಬಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತೆ. ಸುದ್ದಿ ತಂದವರು, "ಆ ನಿಧಾನಿ ರೈಟರು ಉಂಟಲ್ಲ, ಹೋದ್ರಂತೆ, ಪಾಪ" ಎಂದು ಹೇಳಿ ತಮ್ಮ ಕಾಗದ ತೆಗೆದುಕೊಂಡು ಹೋದರು. ನಿಧಾನಿಯಂತೆ! ಅವರು ಯಾಕೆ ನಿಧಾನಿಯಾದರು ಎಂದು ಈ ಊರಿನಲ್ಲಿ ಯಾರಿಗಾದರೂ ನೆನಪುಂಟೋ ಇಲ್ಲವೋ. ನನಗೆ ಉಂಟು. ಆದ್ದರಿಂದ ಬರೆಯುತ್ತೇನೆ.

ಹೆಸರು ಬೇಡ. ಬದುಕಿದ್ದಾಗಲೇ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ, ಎಲ್ಲರಿಗೂ ಅವರು ರೈಟರು. ಠಾಣೆಗೆ ಬಂದವರ ದೂರು, ಹೇಳಿಕೆ ಬರೆದುಕೊಳ್ಳುವ ಹೆಡ್ ಕಾನ್‌ಸ್ಟೇಬಲರನ್ನು ನಮ್ಮಲ್ಲಿ ಕರೆಯುವುದೇ ಹಾಗೆ. ಒಣಕಲು ದೇಹ, ಟೊಪ್ಪಿಯಿಂದ ಹೊರಗೆ ಚಾಚಿದ ದೊಡ್ಡ ಕಿವಿ, ಅಂಗಿಯ ಕಿಸೆಯಲ್ಲಿ ಶಾಯಿಯ ಕಲೆ. ಠಾಣೆಯ ಕನ್ನಡ ಟೈಪ್‌ರೈಟರು ಯಾವಾಗ ನೋಡಿದರೂ ರಿಪೇರಿಯಲ್ಲಿ ಇರುತ್ತಿದ್ದುದರಿಂದ ಕಾಗದದ ಕಟ್ಟು ಹಿಡಿದುಕೊಂಡು ನನ್ನ ಮರದ ಮೆಟ್ಟಿಲು ಹತ್ತುತ್ತಿದ್ದರು. ಕುರ್ಚಿ ಕೊಟ್ಟರೆ ಕೂರುವವರಲ್ಲ. ನನ್ನ ಹಿಂದೆ ನಿಂತು ಅಕ್ಷರ ಬೀಳುವುದನ್ನೇ ನೋಡುವುದು. ಅದು ನನಗೆ ಆಗದ ಕೆಲಸ.

"ನೀವು ಹಿಂದೆ ನಿಂತ್ರೆ ನನಗೆ ಅಕ್ಷರ ತಪ್ತದೆ, ಆಚೆ ಹೋಗಿ" ಎಂದು ಗದರಿದರೆ ನಗುತ್ತಿದ್ದರು. "ತಪ್ಪಿದ್ರೆ ನಿಮಗೆ ರಬ್ಬರ್ ಉಂಟಲ್ಲ ಮಾರಾಯ್ತಿ, ಉಜ್ಜಿದ್ರಾಯ್ತು."

ಆಗ ಅವರು ನಿಧಾನಿ ಅಲ್ಲವೇ ಅಲ್ಲ. ದೂರು ಕೊಡುವವನು ತುಳುವಿನಲ್ಲಿ ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಅದು ಅಚ್ಚ ಕನ್ನಡದಲ್ಲಿ ಕಾಗದದ ಮೇಲೆ ಇರುತ್ತಿತ್ತು. ಅದರ ಬಗ್ಗೆ ಅವರಿಗೆ ಜಂಬವೂ ಇತ್ತು. ಒಮ್ಮೆ ಒಬ್ಬರು ಬಂದು, ನೆರೆಮನೆಯವ ಹಲಸಿನ ಮರದ ತಕರಾರಿನಲ್ಲಿ 'ಕೆರ್ಪೆ' ಎಂದ, ಕೊಲ್ಲುತ್ತೇನೆ ಎಂದ, ಕೊಲೆ ಬೆದರಿಕೆ ಅಂತ ಕೇಸು ಹಾಕಿ ಎಂದು ಕೂತರಂತೆ. ರೈಟರು ಪೆನ್ನು ಮುಚ್ಚಿಟ್ಟು, "ನಿಮ್ಮ ಅಮ್ಮ ನಿಮಗೆ ಸಣ್ಣದಿರುವಾಗ ದಿನಕ್ಕೆ ಎಷ್ಟು ಸಲ 'ಕೆರ್ಪೆ' ಹೇಳಿದ್ದಾರೆ? ಅವರನ್ನೂ ಒಳಗೆ ಹಾಕುವುದಾ?" ಎಂದರಂತೆ. ಬಂದವರು ನಕ್ಕು ಚಾ ಕುಡಿದು ಹೋದರು. ಈ ಕಥೆಯನ್ನು ನನ್ನ ಅಂಗಡಿಯಲ್ಲಿ ಮೂರು ಸಲ ಹೇಳಿದ್ದರು, ಮೂರನೆಯ ಸಲ ನಾನು ನಗಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಹೊಸ ಬಂದರಾಗಿತ್ತು, ಕಾರ್ಖಾನೆ ಎದ್ದಿತ್ತು, ಬಲ್ಮಠದ ಆಚೆ ಗುಡ್ಡ ಕಡಿದು ಮನೆಯ ಮೇಲೆ ಮನೆ ಕಟ್ಟುತ್ತಿದ್ದರು. ಆ ಹೊಸ ಬಡಾವಣೆಯಲ್ಲಿ ನಮ್ಮದೂ ಒಂದು ಮನೆ. ಅಲ್ಲಿ ಹಗಲುಗಳ್ಳತನ ಶುರುವಾಯಿತು. ಗಂಡಸರು ಆಫೀಸಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ, ಹೆಂಗಸರು ಬಾವಿಕಟ್ಟೆಯಲ್ಲಿರುವಾಗ ಒಳಗಿನ ಕಪಾಟು ಖಾಲಿ. ತಿಂಗಳೊಳಗೆ ನಮ್ಮ ಬೀದಿಯಲ್ಲಿ ಎಲ್ಲರ ಕಿಟಕಿಗೂ ಕಬ್ಬಿಣದ ಸರಳು ಬಂತು. ನನ್ನ ಅಮ್ಮ ಸ್ನಾನಕ್ಕೆ ಹೋಗುವಾಗಲೂ ಬೀಗದ ಕೈಗೊಂಚಲನ್ನು ಸೊಂಟದಿಂದ ತೆಗೆಯುತ್ತಿರಲಿಲ್ಲ.

ನನ್ನ ಅಂಗಡಿಯ ಕೆಳಗೆ ಸೋದರಮಾವನ ಹೋಟೆಲು. ನಮ್ಮದು ಹಿಂದೆ ಗೇಣಿ ಬರುತ್ತಿದ್ದ ಮನೆತನ. ಭೂಮಿ ಒಕ್ಕಲುಗಳಿಗೆ ಹೋದ ಮೇಲೆ ಮಾವ ಪೇಟೆಗೆ ಇಳಿದು ಹೋಟೆಲು ಹಾಕಿದರು, ಮೇಲಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಬೆಳಗಿನ ಹತ್ತು ಗಂಟೆಗೆ ಅಲ್ಲಿ ಊರಿನ ಸುರಕ್ಷೆಯ ಪಾರ್ಲಿಮೆಂಟು ಸೇರುತ್ತಿತ್ತು.

"ಮೊದಲು ನಾವು ಬಾಗಿಲಿಗೆ ಅಗುಳಿ ಹಾಕ್ತಿದ್ದೆವಾ? ಈಗ ಘಟ್ಟದಿಂದ, ಕೇರಳದಿಂದ, ಎಲ್ಲಿಂದೆಲ್ಲ ಜನ ಬಂದು ತುಂಬಿದ್ದಾರೆ. ನಾಲ್ಕು ಜನಕ್ಕೆ ಸರೀ ಬಿದ್ರೆ ಎಲ್ಲ ನಿಲ್ತದೆ" ಎಂದು ಮಾವ ಮೇಜು ಕುಟ್ಟುವರು.

ಚಾ ಕುಡಿಯುತ್ತಿದ್ದ ರೈಟರು ಲೋಟ ಇಟ್ಟು, "ಹೊರಗಿನವನಿಗೆ ನಿಮ್ಮ ಮನೆಯಲ್ಲಿ ಎಷ್ಟೊತ್ತಿಗೆ ಯಾರು ಸ್ನಾನಕ್ಕೆ ಹೋಗ್ತಾರೆ ಅಂತ ಹೇಗೆ ಗೊತ್ತಾಗ್ತದೆ ಶೆಟ್ರೇ?" ಎನ್ನುವರು.

"ಹಾಗಾದ್ರೆ ಕಳ್ಳ ಒಳಗಿನವನೇ ಅಂತೀರಾ?"

"ನಾನು ಎಂತ ಹೇಳುವುದಿಲ್ಲ. ಬೇರೆಯವರು ಹೇಳಿದ್ದನ್ನು ಬರೆಯುವವ ನಾನು."

ಮಾವ ಬಿಡುವವರಲ್ಲ. ನಾಗರಿಕರ ಸಮಿತಿ ಕಟ್ಟಿದರು, ಅಧ್ಯಕ್ಷರೂ ತಾವೇ ಆದರು. ಬಡಾವಣೆಗೆ ಬರುವ ಮೀನಿನವರು, ಹಳೆ ಪೇಪರಿನವರು, ಬಟ್ಟೆ ಮಾರುವವರು ಎಲ್ಲರಿಗೂ ಫೋಟೋ ಇರುವ ಪಾಸು ಬೇಕು, ಅನುಮಾನ ಬಂದವರನ್ನು ಕೂಡಲೇ ಬಂಧಿಸಬೇಕು ಎಂದು ದೊಡ್ಡ ಮನವಿ ಸಿದ್ಧವಾಯಿತು. ಅದನ್ನು ಟೈಪ್ ಮಾಡಿದವಳು ನಾನೇ. ಚಂದ ಬಂದಿತ್ತು, ಹೆಮ್ಮೆಯೂ ಆಗಿತ್ತು, ಯಾಕೆ ಸುಳ್ಳು ಹೇಳಲಿ.

ಅದೇ ಹೊತ್ತಿಗೆ ನಮ್ಮ ಮನೆಯಿಂದ ನಾಲ್ಕನೆಯ ಮನೆಯಲ್ಲಿ ಕಳವಾಯಿತು, ಅದೂ ಮದುವೆಗೆ ಇಟ್ಟ ಚಿನ್ನ. ಬೀದಿಯಲ್ಲಿ ಆ ಹೊತ್ತಿಗೆ ಇದ್ದವರನ್ನೆಲ್ಲ ಠಾಣೆಗೆ ಕರೆಸಿದರು. ಅದರಲ್ಲಿ ಅಪ್ಪಿಯಕ್ಕನೂ ಒಬ್ಬಳು.

ಅಪ್ಪಿಯಕ್ಕ ನಮ್ಮ ಬೀದಿಯ ಮೀನಿನವಳು. ತೊಕ್ಕೊಟ್ಟಿನ ಆಚೆ ಕಡಲಕರೆಯ ಮನೆ, ಗಂಡ ಕಡಲಿಗೆ ಹೋದವ ಹಿಂದೆ ಬಂದಿರಲಿಲ್ಲ. ಮೊದಲ ಬಸ್ಸಿಗೆ ಬಂದು, ದೋಣಿಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಗುಡ್ಡ ಹತ್ತಿ ಎಲ್ಲರ ಹಿತ್ತಿಲ ಬಾಗಿಲಿಗೆ ಬರುತ್ತಿದ್ದಳು. ಯಾರ ಮನೆಯಲ್ಲಿ ಬಂಗುಡೆ, ಯಾರಿಗೆ ಬೊಂಡಾಸ್ ಆಗುವುದಿಲ್ಲ ಎಲ್ಲ ಬಾಯಿಪಾಠ. ಬಾಯಿ ಸ್ವಲ್ಪ ಜೋರು. ತುಳು ಬಿಟ್ಟರೆ ಬೇರೆ ಭಾಷೆಯ ಹತ್ತು ಮಾತು ಬರುತ್ತಿರಲಿಲ್ಲ, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಠಾಣೆಯಲ್ಲಿ ಆಗ ಇದ್ದ ಸಬ್ ಇನ್ಸ್‌ಪೆಕ್ಟರು ಮೈಸೂರು ಕಡೆಯವರು, ಬಂದು ಆರು ತಿಂಗಳಾಗಿತ್ತು. ತುಳುವಿನಲ್ಲಿ ಅವರಿಗೆ ಗೊತ್ತಿದ್ದದ್ದು ಒಂದೇ ಪದ, ಹೊರಗಿನಿಂದ ಬಂದವರೆಲ್ಲ ಮೊದಲು ಕಲಿಯುವ ಪದ: 'ಇಜ್ಜಿ', ಅಂದರೆ ಇಲ್ಲ. ಅಪ್ಪಿಯಕ್ಕನನ್ನು ಮೇಜಿನ ಎದುರು ನಿಲ್ಲಿಸಿ ಅವರು ಕೇಳಿದ್ದು ಇಷ್ಟೇ.

"ಅಲ್ಲಿ ಏನ್ ಕಂಡೆ? ಹೆದರ್ಕೋಬೇಡ, ಹೇಳು. ಏನ್ ಕಂಡೆ?"

ಘಟ್ಟದ ಮೇಲಿನವರಿಗೆ ಇದರಲ್ಲಿ ಏನೂ ವಿಶೇಷ ಕಾಣಿಸಲಿಕ್ಕಿಲ್ಲ. ಆದರೆ ತುಳುವಿನಲ್ಲಿ ನೋಡುವುದಕ್ಕೆ 'ತೂಪುನಿ' ಎನ್ನುತ್ತಾರೆ. 'ಕಂಡುನಿ' ಎಂದರೆ ಕದಿಯುವುದು. ಅಪ್ಪಿಯಕ್ಕನ ಕಿವಿಗೆ ಬಿದ್ದದ್ದು, ಏನು ಕದ್ದೆ ಹೇಳು, ಎಂದು. ಅವಳು ಎದೆಗೆ ಕೈ ಬಡಿದುಕೊಂಡು, "ಯಾನ್ ದಾಲಾ ಕಂಡ್‌ದಿಜ್ಜಿ! ದಾಲಾ ಕಂಡ್‌ದಿಜ್ಜಿ!" ಎಂದು ಬೊಬ್ಬೆ ಹಾಕಿದಳು. ನಾನು ಏನೂ ಕದ್ದಿಲ್ಲ, ಏನೂ ಕದ್ದಿಲ್ಲ.

ಸಾಹೇಬರಿಗೆ 'ಕಂಡ್' ಕೇಳಿಸಿತು, 'ಇಜ್ಜಿ' ಕೇಳಿಸಿತು. "ಏನೂ ಕಂಡಿಲ್ವಂತೆ. ಬರ್ಕೊಳ್ರೀ" ಎಂದರು. ರೈಟರು ಬರೆದರು. ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡರು.

ಮರುದಿನ ಆ ಹೇಳಿಕೆ ಟೈಪಿಗೆ ನನ್ನ ಮೇಜಿಗೆ ಬಂತು. "ನಾನು ಸದರಿ ಸ್ಥಳದಲ್ಲಿ ಏನನ್ನೂ ಕಂಡಿರುವುದಿಲ್ಲ." ಆ ಸಾಲು ಹೊಡೆಯುವಾಗ ರೈಟರು ಹಿಂದೆ ಇರಲಿಲ್ಲ, ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದರು. "ಆ ಸಾಲು ಸರಿ ಉಂಟಾ?" ಎಂದು ಅಲ್ಲಿಂದಲೇ ಕೇಳಿದರು. "ವ್ಯಾಕರಣ ಸರಿ ಉಂಟು" ಎಂದೆ. ಅವರು ಕಾಗದ ಮಡಚಿಕೊಂಡು ಹೋದರು.

ಮೂರು ದಿನ ಕಳೆದು ಅಪ್ಪಿಯಕ್ಕ ಹಂಪನಕಟ್ಟೆಯ ಬಸ್ಸಿನ ಹತ್ತಿರ ಒಬ್ಬನನ್ನು ನೋಡಿದಳು. ಬಿಳಿ ಪ್ಯಾಂಟು, ಕೈಯಲ್ಲಿ ಚರ್ಮದ ಚೀಲ, ನೋಡಿದರೆ ಇನ್ಶೂರೆನ್ಸ್ ಏಜೆಂಟಿನ ಹಾಗೆ. ಬುಟ್ಟಿ ಕೆಳಗೆ ಹಾಕಿ, "ಇವನೇ! ಆ ಮನೆಯ ಹಿತ್ತಿಲಿನಿಂದ ಗೋಡೆ ಹಾರಿದವ ಇವನೇ!" ಎಂದು ತುಳುವಿನಲ್ಲಿ ಕೂಗಿ ಅವನ ಅಂಗಿ ಹಿಡಿದಳು. ಜನ ಸೇರಿತು. ಜನ ಯಾರನ್ನು ನಂಬುತ್ತದೆ, ಪ್ಯಾಂಟನ್ನೋ ಮೀನಿನ ಬುಟ್ಟಿಯನ್ನೋ? ಅವನು ಅಂಗಿ ಬಿಡಿಸಿಕೊಂಡು ಬಸ್ಸು ಹತ್ತಿ ಹೋದ. ಅವಳನ್ನು ಠಾಣೆಗೆ ಕರೆದುಕೊಂಡು ಹೋದರು.

ಸಾಹೇಬರು ಟೈಪ್ ಮಾಡಿದ ಕಾಗದ ತೆಗೆದರು. ಅಂದು ಏನೂ ಕಂಡಿಲ್ಲ ಎಂದವಳು ಇಂದು ಕಂಡೆ ಎನ್ನುತ್ತಾಳೆ. ಅಂದರೆ ಅಂದು ಮುಚ್ಚಿಟ್ಟಳು, ಇಂದು ದಾರಿಯಲ್ಲಿ ಹೋಗುವವರ ಮೇಲೆ ಹಾಕಿ ಯಾರನ್ನೋ ಉಳಿಸುತ್ತಿದ್ದಾಳೆ. ಮನೆಮನೆಯ ಹಿತ್ತಿಲು ಗೊತ್ತಿರುವವಳು, ಕಳ್ಳರಿಗೆ ಸುದ್ದಿ ಕೊಡುವವಳು ಇವಳೇ. ಲೆಕ್ಕ ಚೊಕ್ಕವಾಗಿ ಕೂತಿತು. ಅವಳ ಅಣ್ಣ ಬಂದು ಕೈಮುಗಿದ. ಅವನಿಗೆ ರೈಟರ ಕೈಬರಹದ ಮೂಲ ಕಾಗದ ತೋರಿಸಿದರು, "ಇದು ಅವಳ ಹೆಬ್ಬೆಟ್ಟಲ್ವೇನಯ್ಯಾ?"

ಆಮೇಲಿನ ಒಂದು ವಾರ ಅವಳನ್ನು ದಿನಾ ಬೆಳಿಗ್ಗೆ ಕರೆಸಿ ಸಂಜೆಯವರೆಗೆ ಠಾಣೆಯ ಜಗಲಿಯಲ್ಲಿ ಕೂರಿಸಿದರು. ಲಾಕಪ್ಪಲ್ಲ, ಬೇಡಿಯಲ್ಲ, ಸುಮ್ಮನೆ ಕೂರಿಸುವುದು. ರಸ್ತೆಯಲ್ಲಿ ಹೋಗುವವರೆಲ್ಲ ನೋಡಬೇಕು. ನಾನೂ ಎರಡು ಸಲ ಆ ದಾರಿಯಲ್ಲಿ ಹೋದೆ. ಅವಳು ಸೆರಗು ಮುಖಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತಿದ್ದಳು. ಎರಡನೆಯ ಸಲ ನಾನು ರಸ್ತೆಯ ಆಚೆ ಬದಿಗೆ ದಾಟಿ ಹೋದೆ. ನಮ್ಮ ಬೀದಿಯಲ್ಲಿ, "ಇಷ್ಟು ವರ್ಷ ಒಲೆಯ ಹತ್ತಿರದವರೆಗೆ ಬಿಟ್ಟೆವಲ್ಲ ಇವಳನ್ನು" ಎಂದು ಹೆಂಗಸರು ಮೈ ಕೊಡವಿಕೊಂಡರು. ಭಾನುವಾರ ನಾಗರಿಕರ ಸಭೆ, ಸೋಮವಾರ ಅವಳ ಮೇಲೆ ಕೇಸು ಎಂದು ಮಾವ ಹೋಟೆಲಿನಲ್ಲಿ ಸಾರಿದರು. ಕೇಸಾದರೆ ಜೈಲು, ಜೈಲಾಗದಿದ್ದರೂ ಮತ್ತೆ ಯಾವ ಬಾಗಿಲೂ ಅವಳಿಗೆ ತೆರೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆ ವಾರ ರೈಟರು ಹೋಟೆಲಿಗೆ ಚಾಕ್ಕೆ ಬರಲಿಲ್ಲ. ಅಂಗಡಿಗೆ ಒಮ್ಮೆ ಬಂದರು. ಕುರ್ಚಿ ಎಳೆದುಕೊಂಡು ಕೂತರು, ಮೊದಲ ಸಲ. ಟೈಪ್ ಮಾಡಲು ಏನೂ ತಂದಿರಲಿಲ್ಲ.

"ನನ್ನ ಪ್ರಮೋಷನ್ನಿನ ಕಾಗದ ಸಾಹೇಬರ ಮೇಜಿನ ಮೇಲೆ ಉಂಟು" ಎಂದರು.

"ಒಳ್ಳೆಯದಾಯ್ತಲ್ಲ."

"ಹೌದು, ಒಳ್ಳೆಯದು" ಎಂದು ಎದ್ದು ಹೋದರು.

ಭಾನುವಾರ ಬಲ್ಮಠದ ಒಂದು ಸಭಾಭವನದಲ್ಲಿ ಸಭೆ. ಬೆಳಿಗ್ಗೆ ಹತ್ತಕ್ಕೇ ಭರ್ತಿ. ವೇದಿಕೆಯಲ್ಲಿ ಮಾವ, ಪಕ್ಕದಲ್ಲಿ ಸಬ್ ಇನ್ಸ್‌ಪೆಕ್ಟರು. ಹೆಂಗಸರ ಸಾಲಿನಲ್ಲಿ ಅಮ್ಮನ ಪಕ್ಕ ನಾನು, ಮಡಿಲಲ್ಲಿ ಮನವಿಯ ಕಾರ್ಬನ್ ಪ್ರತಿ. ಒಬ್ಬೊಬ್ಬರೇ ಎದ್ದು ಮಾತಾಡಿದರು. ಬೀಟ್ ಹೆಚ್ಚಿಸಿ ಎಂದರು, ಬಾಡಿಗೆಗೆ ಬಂದವರ ಪಟ್ಟಿ ಮಾಡಿ ಎಂದರು, ಕಾಲೇಜಿನ ಒಬ್ಬ ಮೇಷ್ಟ್ರು ಎದ್ದು ಬೀದಿದೀಪದ ವಿಷಯ ತೆಗೆದರೆ ಅವರನ್ನು ಕೂರಿಸಿದರು. ಕೊನೆಗೆ ಮಾವ ಮನವಿ ಓದಿದರು. "ಕಳ್ಳರ ಜೊತೆ ಶಾಮೀಲಾದ ಮೀನು ಮಾರುವ ಹೆಂಗಸಿನ ಮೇಲೆ ಕಠಿಣ ಕ್ರಮ" ಎಂದು ಆ ವಾರ ಹೊಸದಾಗಿ ಸೇರಿಸಿದ್ದ ಸಾಲಿಗೆ ಚಪ್ಪಾಳೆ ಬಿತ್ತು.

ಆಗ ಹಿಂದಿನ ಬಾಗಿಲ ಹತ್ತಿರ ಬಂದೋಬಸ್ತಿಗೆ ನಿಂತಿದ್ದ ರೈಟರು ನಡುವಿನ ದಾರಿಯಲ್ಲಿ ನಡೆದು ಬಂದರು. ಸಾಹೇಬರಿಗೆ ಏನೋ ಸುದ್ದಿ ತಂದಿರಬೇಕು ಎಂದು ನಾವೆಲ್ಲ ತಿಳಿದೆವು. ಅವರು ವೇದಿಕೆ ಹತ್ತಲಿಲ್ಲ. ಕೆಳಗೆ ನಿಂತು ಸಾಹೇಬರಿಗೆ ಸೆಲ್ಯೂಟ್ ಹೊಡೆದು ಜನರ ಕಡೆ ತಿರುಗಿದರು. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಒಂದು ಮಾತು ಕೇಳ್ತೇನೆ. ಮನೆಯಲ್ಲಿ ತುಳು ಮಾತಾಡುವವರು ಕೈ ಎತ್ತಿ."

ಮುಕ್ಕಾಲು ಸಭೆ ಕೈ ಎತ್ತಿತು. ನಾನೂ ಎತ್ತಿದೆ.

"ಶಾಲೆಗೆ ಹೋಗದ ನಿಮ್ಮ ಅಜ್ಜಿಯನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಿ, 'ಏನು ಕಂಡೆ' ಅಂತ ಕೇಳಿದ್ರೆ, ಅವರಿಗೆ ಎಂತ ಕೇಳ್ತದೆ?"

"ಎಂತ ಕದ್ದೆ ಅಂತ!" ಎಂದು ಹಿಂದಿನಿಂದ ಯಾರೋ ಹೇಳಿದರು. ಒಂದಷ್ಟು ಜನ ನಕ್ಕರು. ರೈಟರು ನಗು ನಿಲ್ಲುವವರೆಗೆ ಕಾದರು.

"ಆ ಹೆಂಗಸಿಗೂ ಹಾಗೆಯೇ ಕೇಳಿತು. 'ನಾನು ಕದಿಯಲಿಲ್ಲ' ಅಂತ ಹೇಳಿದ್ದು ಅವಳು. 'ನೋಡಲಿಲ್ಲ' ಅಂತ ಅಲ್ಲ. ಯಾರನ್ನು ನೋಡಿದ್ದು ಅಂತ ಅವಳನ್ನು ಯಾರೂ ಕೇಳಲೇ ಇಲ್ಲ. ಸಾಹೇಬರಿಗೆ ತುಳು ಬರುವುದಿಲ್ಲ, ಅವರ ತಪ್ಪಲ್ಲ. ಬರೆದದ್ದು ನಾನು. ನನಗೆ ಆವಾಗಲೇ ಗೊತ್ತಾಗಿದೆ. ಗೊತ್ತಿದ್ದೂ ಬರೆದೆ."

ಸಾಹೇಬರ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. "ರೀ, ಹೊರಗೆ ನಡೀರಿ" ಎಂದರು, ಮೆಲ್ಲಗೆ. ಮಾವ ಎದ್ದು ನಿಂತು, "ಇದೆಂತ ನಾಟಕ! ಗೊತ್ತಿದ್ದೂ ಯಾಕೆ ಬರೆದ್ರಿ ಹಾಗಾದ್ರೆ?" ಎಂದು ಗರ್ಜಿಸಿದರು.

"ಹೆದರಿಕೆ ಶೆಟ್ರೇ" ಎಂದರು ರೈಟರು. "ಮೊದಲೊಮ್ಮೆ ಸಾಹೇಬರನ್ನು ತಿದ್ದಿ ಎಲ್ಲರೆದುರು ಬೈಸಿಕೊಂಡಿದ್ದೆ. ಪ್ರಮೋಷನ್ನೂ ಉಂಟಲ್ಲ. ಒಂದು ಸಾಲಲ್ವಾ, ಎಂತ ಆಗ್ತದೆ ಅಂತ ಗ್ರಹಿಸಿದೆ."

ಅಷ್ಟು ಹೇಳಿ ಟೊಪ್ಪಿ ಇಟ್ಟುಕೊಂಡು ಹೊರಗೆ ನಡೆದರು. ಯಾರೂ ಅವರ ಹಿಂದೆ ಹೋಗಲಿಲ್ಲ. ಮನವಿಯ ಮೇಲೆ ಸಹಿ ಹಾಕಲು ಇಟ್ಟಿದ್ದ ಮೇಜಿನ ಹತ್ತಿರವೂ ಯಾರೂ ಹೋಗಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡದೆ ಚಪ್ಪಲಿ ಹುಡುಕಿಕೊಂಡು ಹೊರಬಿದ್ದರು.

ಸೋಮವಾರ ಕೇಸಾಗಲಿಲ್ಲ. ಅಪ್ಪಿಯಕ್ಕನನ್ನು ಕರೆಸುವುದೂ ನಿಂತಿತು. ಬಿಳಿ ಪ್ಯಾಂಟಿನವ ಸಿಕ್ಕಲೇ ಇಲ್ಲ, ಆ ಚಿನ್ನವೂ. ತಿಂಗಳೊಳಗೆ ರೈಟರಿಗೆ ಘಟ್ಟದ ಬುಡದ ಒಂದು ಹೊರಠಾಣೆಗೆ ವರ್ಗವಾಯಿತು. ಪ್ರಮೋಷನ್ನಿನ ಕಾಗದ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಐದಾರು ವರ್ಷದ ಮೇಲೆ ಮಂಗಳೂರಿಗೆ ಮರಳಿದಾಗಲೂ ಹೆಡ್ ಕಾನ್‌ಸ್ಟೇಬಲೇ, ರೈಟರೇ. ಆದರೆ ಬರೆಯುವ ರೀತಿ ಬೇರೆಯಾಗಿತ್ತು. ದೂರು ಕೊಡುವವರು ಹೇಳಿದ್ದನ್ನು ಮೊದಲು ಅವರ ಮಾತಿನಲ್ಲೇ, ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ, ಬ್ಯಾರಿಯಾದರೆ ಬ್ಯಾರಿ, ಕನ್ನಡ ಅಕ್ಷರದಲ್ಲಿ ಗೀಚಿಕೊಳ್ಳುವುದು. ಅದನ್ನು ಓದಿ ಹೇಳುವುದು. "ಹೀಗೆಯೇ ಅಲ್ವಾ ಹೇಳಿದ್ದು?" ಎಂದು ಕೇಳುವುದು. ಆಮೇಲೆ ಕನ್ನಡ ಮಾಡಿ, ಅದರ ಅರ್ಥವನ್ನು ಮತ್ತೆ ಅವರ ಭಾಷೆಯಲ್ಲಿ ಹೇಳುವುದು. ಒಂದು ಸೈಕಲ್ ಕಳವಿಗೆ ಅರ್ಧ ದಿನ. ಬೆಂಚಿನಲ್ಲಿ ಕಾದು ಕೂತವರು ನಿಧಾನಿ ಎಂದು ಬೈದರು, ಮೇಲಿನವರು ಮೆಮೋ ಕೊಟ್ಟರು. ಮೆಮೋದ ಉತ್ತರವನ್ನೂ ನನ್ನಲ್ಲೇ ಟೈಪ್ ಮಾಡಿಸಿದರು. ಅದರಲ್ಲಿ ಇದ್ದದ್ದು ಒಂದೇ ಸಾಲು, ಇನ್ನು ಮುಂದೆಯೂ ಹೀಗೆಯೇ ಬರೆಯುವವನಿದ್ದೇನೆ ಎಂದು.

ನಿವೃತ್ತಿಯ ಕಾಗದ ಟೈಪ್ ಮಾಡಿಸಲು ಬಂದದ್ದೇ ಕೊನೆ. ಅಪ್ಪಿಯಕ್ಕ ಆ ಪ್ರಕರಣದ ಮೇಲೆ ನಮ್ಮ ಬಡಾವಣೆಯ ಗುಡ್ಡ ಹತ್ತಿರಲಿಲ್ಲ. ಅಮ್ಮ ಎರಡು ಸಲ ಹೇಳಿ ಕಳಿಸಿದರೂ ಬರಲಿಲ್ಲ. ಅಂದು ಅದನ್ನು ಹೇಳುತ್ತ, "ನೀವು ಅವಳನ್ನು ಮತ್ತೆ ನೋಡಿದ್ರಾ?" ಎಂದು ರೈಟರನ್ನು ಕೇಳಿದೆ.

"ಸಭೆಯ ಮರುವಾರವೇ ಹೋಗಿದ್ದೆ, ಯೂನಿಫಾರ್ಮ್ ಇಲ್ಲದೆ. ಅಂಗಳದಲ್ಲಿ ಮೀನು ಒಣಗಿಸ್ತಾ ಇದ್ರು. ನಾನೇ ಬರೆದದ್ದು, ತಪ್ಪಾಯ್ತು ಅಂದೆ. ಬೈಯಲಿಲ್ಲ. ಬೈದಿದ್ರೆ ಒಳ್ಳೆಯದಿತ್ತು. ಮೀನು ಮಗುಚುತ್ತಾ, ಒಂದೇ ಕೇಳಿದ್ರು. 'ಆಯಗ್ ತುಳು ಬರ್ಪುಜಿ. ಈರೆಗ್ ಬರ್ಪುಂಡತ್ತ?'"

ಅವನಿಗೆ ತುಳು ಬರುವುದಿಲ್ಲ, ನಿಮಗೆ ಬರುತ್ತದಲ್ಲ?

"ನೀವು ಎಂತ ಹೇಳಿದ್ರಿ?"

"ಎಂತ ಹೇಳುವುದು? ಬರ್ತದೆ ಅಂದೆ. ಎದ್ದು ಬಂದೆ."

ಆಗ ನಾನು ಅವರಿಗೆ ಒಂದು ಮಾತು ಹೇಳಬೇಕಿತ್ತು. ಬಾಯಿಯವರೆಗೆ ಬಂತು, ಹೇಳಲಿಲ್ಲ. ಕಳವಾದ ದಿನ ಬೆಳಿಗ್ಗೆ ಅಪ್ಪಿಯಕ್ಕ ಆ ಮನೆಯ ಕಡೆಯಿಂದ ನೇರವಾಗಿ ನಮ್ಮ ಹಿತ್ತಿಲ ಬಾಗಿಲಿಗೆ ಬಂದಿದ್ದಳು. ಬುಟ್ಟಿ ಇಳಿಸುವ ಮೊದಲೇ, ಬಿಳಿ ಪ್ಯಾಂಟಿನವ ಒಬ್ಬ ಚೀಲ ಹಿಡಿದು ಅವರ ಗೋಡೆ ಹಾರಿದ, ನೆಂಟನೋ ಏನೋ, ನೆಂಟ ಯಾಕೆ ಗೋಡೆ ಹಾರುತ್ತಾನೆ, ಎಂದು ತುಳುವಿನಲ್ಲಿ ನನಗೇ ಹೇಳಿ ನಕ್ಕಿದ್ದಳು. ಆ ವಾರವೇ ನನ್ನ ಕೈಯಾರೆ ನಾನು, ಏನನ್ನೂ ಕಂಡಿರುವುದಿಲ್ಲ, ಎಂದು ಟೈಪ್ ಮಾಡಿದೆ. ಪೊಲೀಸು, ಕೋರ್ಟು ಎಂದು ಅಲೆಯುವುದು ನನಗೆ ಬೇಡವಿತ್ತು, ಮಾವನ ಎದುರು ನಿಲ್ಲುವುದೂ ಬೇಡವಿತ್ತು. ಸಭೆಯಲ್ಲಿ ಅವರು ಗೊತ್ತಿದ್ದೂ ಬರೆದೆ ಎಂದಾಗ ಎದ್ದು ನಿಲ್ಲಬೇಕಾಗಿದ್ದವಳು ಕೂತೇ ಇದ್ದೆ. ಗೊತ್ತಿದ್ದದ್ದು ತನಗೊಬ್ಬನಿಗೇ ಎಂದು ತಿಳಿದುಕೊಂಡು ಅವರು ಪ್ರಮೋಷನ್ ಕಳೆದುಕೊಂಡರು, ನಿಧಾನಿ ಎನ್ನಿಸಿಕೊಂಡರು, ಹಾಗೆಯೇ ತೀರಿಕೊಂಡರು.

ನನಗೂ ತುಳು ಬರುತ್ತದೆ, ಅಪ್ಪಿಯಕ್ಕ.